ಹಗಲು ಎಡ ಮೆದುಳು ದುಡಿದರೆ, ರಾತ್ರಿ ಬಲ ಮೆದುಳು ಕನಸು ಕಾಣುತ್ತದೆಯೇ?

"ಲೆಕ್ಕ, ಕಂಪ್ಯೂಟರ್ ಕೆಲಸದವರು ಹಗಲೆಲ್ಲ ಎಡ ಮೆದುಳು ಬಳಸುತ್ತಾರೆ. ಸುಮ್ಮನಿದ್ದ ಬಲ ಮೆದುಳು ರಾತ್ರಿ ಕನಸು ಕಾಣುತ್ತದೆ. ಕನಸೇ ಬೀಳದಿದ್ದರೆ ಬಲ ಮೆದುಳು ಮಂಕಾಗಿದೆ ಎಂದರ್ಥ." ಇಂಥ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಇದರಲ್ಲಿ ನಿಜ ಎಷ್ಟು?

ಈ ಮಾತು ಹುಟ್ಟಿದ್ದು ಹೇಗೆ?

ಮೆದುಳಿನ ಎರಡು ಭಾಗಗಳನ್ನು ನರತಂತುಗಳ ಒಂದು ಸೇತುವೆ ಬೆಸೆಯುತ್ತದೆ. ತೀವ್ರ ಮೂರ್ಛೆರೋಗದ ಚಿಕಿತ್ಸೆಗಾಗಿ ಕೆಲವು ರೋಗಿಗಳಲ್ಲಿ ಅದನ್ನು ಕತ್ತರಿಸಲಾಗಿತ್ತು. ಅಮೆರಿಕದ ವಿಜ್ಞಾನಿ ರೋಜರ್ ಸ್ಪೆರ್ರಿ ಅವರನ್ನು ಪರೀಕ್ಷಿಸಿ, ಮಾತು ಹೆಚ್ಚಾಗಿ ಎಡಭಾಗದ ಕೆಲಸ, ಆಕಾರ ಗುರುತಿಸುವುದರಲ್ಲಿ ಬಲಭಾಗ ಮುಂದು ಎಂದು ತೋರಿಸಿದರು. 1981ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ನಮ್ಮೆಲ್ಲರ ಮೆದುಳಿನಲ್ಲಿ ಆ ಸೇತುವೆ ಇದ್ದೇ ಇದೆ. ಸುಮಾರು 20 ಕೋಟಿ ತಂತುಗಳ ಮೂಲಕ ಎರಡೂ ಭಾಗಗಳು ಒಟ್ಟಿಗೇ ಕೆಲಸ ಮಾಡುತ್ತವೆ. 2013ರಲ್ಲಿ ಯೂಟಾ ವಿಶ್ವವಿದ್ಯಾಲಯದವರು 1,011 ಜನರ ಮೆದುಳಿನ ಸ್ಕ್ಯಾನ್ ನೋಡಿದಾಗ 'ಎಡ ಮೆದುಳಿನವರು', 'ಬಲ ಮೆದುಳಿನವರು' ಎಂಬ ಗುಂಪುಗಳು ಸಿಗಲಿಲ್ಲ.

ಕನಸು ಯಾವ ಭಾಗದ್ದು?

ಎರಡೂ ಭಾಗಗಳದ್ದು. ನರವಿಜ್ಞಾನಿ ಮಾರ್ಕ್ ಸೋಮ್ಸ್ ಗಮನಿಸಿದಂತೆ, ಮೆದುಳಿನ ಮೇಲ್ಭಾಗದ ಹಿಂಬದಿಯಲ್ಲಿ ಎಡಕ್ಕೆ ಪೆಟ್ಟಾದವರಲ್ಲೂ ಬಲಕ್ಕೆ ಪೆಟ್ಟಾದವರಲ್ಲೂ ಕನಸು ನಿಂತುಹೋಗಬಹುದು. ಸೇತುವೆ ಕತ್ತರಿಸಿಕೊಂಡ ರೋಗಿಗಳೂ ತಮಗೆ ಬಿದ್ದ ಕನಸನ್ನು ಬಾಯಿಬಿಟ್ಟು ಹೇಳಿದ್ದಾರೆ. ಮಾತಾಡುವುದು ಎಡಭಾಗ ಎಂದ ಮೇಲೆ, ಆ ಕನಸು ಎಡಭಾಗಕ್ಕೂ ಗೊತ್ತಿತ್ತು ಎಂದಾಯಿತು.

ಹಾಗಾದರೆ ಹಗಲಿನ ಕೆಲಸಕ್ಕೂ ರಾತ್ರಿಗೂ ನಂಟೇ ಇಲ್ಲವೇ?

ಇದೆ, ಆದರೆ ಫಾರ್ವರ್ಡ್ ಹೇಳುವಂತಲ್ಲ. ದೇಹದ ಎಡಬದಿಯನ್ನು ನಡೆಸುವುದು ಬಲ ಮೆದುಳು. 2006ರ ಒಂದು ಪ್ರಯೋಗದಲ್ಲಿ ಜನರ ಎಡಗೈಯನ್ನು ಹಗಲು ಅಲುಗಾಡದಂತೆ ಕಟ್ಟಿಟ್ಟರು. ಆ ರಾತ್ರಿ ಬಲ ಮೆದುಳಿನಲ್ಲಿ ಆ ಕೈಗೆ ಸಂಬಂಧಿಸಿದ ಜಾಗದಲ್ಲಿ ಗಾಢ ನಿದ್ದೆಯ ಅಲೆಗಳು ಕಡಿಮೆಯಾದವು. ಅಂದರೆ ಹೆಚ್ಚು ದುಡಿದ ಜಾಗ ಹೆಚ್ಚು ಗಾಢವಾಗಿ ಮಲಗುತ್ತದೆ. ಇದು ನಿದ್ದೆಯ ಆಳದ ವಿಷಯ, ಕನಸಿನದ್ದಲ್ಲ.

ಕನಸಿನಲ್ಲಿ ಹಗಲಿನ ಕೆಲಸವೇ ಮರುಕಳಿಸುವುದೂ ಉಂಟು. 2000ದಲ್ಲಿ ಪ್ರಕಟವಾದ ಹಾರ್ವರ್ಡ್ ಅಧ್ಯಯನದಲ್ಲಿ ಟೆಟ್ರಿಸ್ ಗೇಮ್ ಆಡಿದ 27 ಜನರಲ್ಲಿ 17 ಮಂದಿಗೆ ನಿದ್ದೆಗೆ ಜಾರುವಾಗ ಅದೇ ಆಟದ ಚಿತ್ರಗಳು ಕಂಡವು.

ಕನಸು ನೆನಪಿರದಿದ್ದರೆ ಚಿಂತೆ ಬೇಕೇ?

ಬೇಡ. ರಾತ್ರಿಗೆ ನಾಲ್ಕೈದು ಬಾರಿ ಕನಸಿನ ಹಂತ ಬರುತ್ತದೆ. ಆ ಹೊತ್ತಿನಲ್ಲಿ ಎಚ್ಚರವಾಗದಿದ್ದರೆ ಹೆಚ್ಚಿನದು ಮರೆತುಹೋಗುತ್ತದೆ. ಇದನ್ನು ಕೊರತೆ ಎಂದುಕೊಂಡು ಮಕ್ಕಳನ್ನು 'ಬಲ ಮೆದುಳು ಜಾಗೃತಿ' ಕೋರ್ಸಿಗೆ ಸೇರಿಸಿ ದುಡ್ಡು ಕಳೆಯಬೇಡಿ. ಆದರೆ ತಲೆಗೆ ಪೆಟ್ಟಾದ ಅಥವಾ ಪಾರ್ಶ್ವವಾಯು ಆದ ಮೇಲೆ ಕನಸು ಪೂರ್ತಿ ನಿಂತರೆ, ಅಥವಾ ಮನೆಯ ಹಿರಿಯರು ನಿದ್ದೆಯಲ್ಲಿ ಕೂಗಾಡಿ, ಕೈಕಾಲು ಬಡಿಯುತ್ತಿದ್ದರೆ ನರರೋಗ ತಜ್ಞರಿಗೆ ತೋರಿಸಿ.

ಸಾರಾಂಶ: ಎಡ-ಬಲ ಕೆಲಸ ಹಂಚಿಕೆ ನಿಜ. ಹಗಲಿಗೊಂದು, ರಾತ್ರಿಗೊಂದು ಮೆದುಳು ಎಂಬುದು ಸುಳ್ಳು. ಆ ಸಂದೇಶ ಮತ್ತೆ ಬಂದರೆ ಫಾರ್ವರ್ಡ್ ಮಾಡಬೇಡಿ.