ಮಲ್ಲವಿದ್ಯೆಯ ಮೇಲ್ಪದವಿ

ದಿವಾನ್ ಪೂರ್ಣಯ್ಯನವರು ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರನ್ನಿಟ್ಟಂದಿನಿಂದ ಪಾಪನಪಲ್ಲಿ ಎಂಬ ಪೂರ್ವನಾಮವನ್ನು ತೊರೆದು ಶ್ರೀನಿವಾಸಪುರವೆನಿಸಿಕೊಂಡ ನಮ್ಮ ಊರಿನಲ್ಲಿ ಮಾವಿನ ಮಂಡಿಗಳಷ್ಟು ಪ್ರಸಿದ್ಧವಾದದ್ದು ಮತ್ತೊಂದಿಲ್ಲವಾದರೂ, ಇಲ್ಲಿಯೂ, ನೆರೆಯ ಮುಳಬಾಗಿಲು, ಮಾಲೂರು, ಕೋಲಾರಗಳಲ್ಲಿಯೂ, ಬಿಳಿಯ ಅಂಗಿ ತೊಟ್ಟು ಸೊಂಟಕ್ಕೆ ಬಣ್ಣದ ಪಟ್ಟಿ ಬಿಗಿದುಕೊಂಡು ಕರಾಟೆ ಕಲಿಯಹೋಗುವ ಮಕ್ಕಳು ಈಗ ಯಾರಿಗೂ ಅಪೂರ್ವವಲ್ಲ. ಹಳದಿಯ ಪಟ್ಟಿಯಿಂದ ಕಪ್ಪು ಪಟ್ಟಿಯವರೆಗೆ ತಾವು ಏರಬೇಕಾದ ಮೆಟ್ಟಿಲುಗಳನ್ನು ಆ ಮಕ್ಕಳು ತಪ್ಪಿಲ್ಲದೆ ಹೇಳಬಲ್ಲರು. ಇದೇ ಮಣ್ಣಿನಲ್ಲಿ ಶತಮಾನಗಳ ಕಾಲ ಬೆಳೆದ ಮಲ್ಲವಿದ್ಯೆಯಲ್ಲಿ ಮೇಲ್ಪದವಿಗೆ ಏರುವ ಬಗೆ ಹೇಗಿದ್ದಿತೆಂದು ಕೇಳಿದರೆ ಮಾತ್ರ ಮಕ್ಕಳಿರಲಿ, ಹಿರಿಯರೂ ಸುಮ್ಮನಾಗುವರು. ಆ ಬಗೆಯನ್ನು ಕುರಿತು ನಾಲ್ಕು ಮಾತು ಹೇಳುವುದು ನನ್ನ ಉದ್ದೇಶ.

ಜಪಾನಿನ ಕ್ರಮವನ್ನು ಮೊದಲು ನೋಡೋಣ. ಅಲ್ಲಿಯ ಪುರಾತನ ಶಸ್ತ್ರವಿದ್ಯಾ ಸಂಪ್ರದಾಯಗಳಲ್ಲಿ ಇಂದಿನಂತೆ ಪಟ್ಟಿಗಳಿರಲಿಲ್ಲ. ಗುರುವು ಶಿಷ್ಯನಿಗೆ ಒಂದೊಂದೇ ಘಟ್ಟದಲ್ಲಿ ಅನುಜ್ಞಾಪತ್ರದ ಸುರುಳಿಯನ್ನು ಕೊಡುತ್ತಿದ್ದನು, ವಿದ್ಯೆಯೆಲ್ಲವನ್ನೂ ಧಾರೆಯೆರೆದ ತರುವಾಯ ‘ಮೆನ್ಕ್ಯೊ ಕೈದೆನ್’ ಎಂಬ ಪೂರ್ಣಾಧಿಕಾರವನ್ನು ಕೊಡುತ್ತಿದ್ದನು. 1882ರಲ್ಲಿ ಟೋಕಿಯೋ ನಗರದ ಏಶೋಜಿ ಎಂಬ ಬೌದ್ಧಮಂದಿರದಲ್ಲಿ ಜೂಡೋ ಶಾಲೆಯನ್ನು ತೆರೆದ ಕಾನೋ ಜಿಗೊರೊ ಎಂಬ ಮಹನೀಯರು, ಮರುವರ್ಷವೇ ತಮ್ಮ ಇಬ್ಬರು ಶಿಷ್ಯರಿಗೆ ಮೊದಲನೆಯ ‘ಡಾನ್’ ಪದವಿಯನ್ನಿತ್ತು, ಇಂದು ಲೋಕವೆಲ್ಲ ಬಲ್ಲ ಶ್ರೇಣಿಯ ಕ್ರಮಕ್ಕೆ ತಳಹದಿ ಹಾಕಿದರು. ಓಕಿನಾವಾ ದ್ವೀಪದ ವಿದ್ಯೆಯಾದ ಕರಾಟೆಗೆ ಈ ಕ್ರಮ ಸಲ್ಲಿದ್ದು 1924ರಲ್ಲಿ, ಫುನಾಕೋಶಿ ಗಿಚಿನ್ ಅವರ ಕೈಯಿಂದ. ಖಡ್ಗವಿದ್ಯೆಯಿಂದ ಹುಟ್ಟಿದ ಕೆಂಡೋದಲ್ಲಿ ಎಂಟನೆಯ ಡಾನ್ ಪರೀಕ್ಷೆಗೆ ಕೂರಬೇಕಾದರೆ ಏಳನೆಯದು ದೊರೆತ ಮೇಲೆ ಹತ್ತು ವರ್ಷ ಅಭ್ಯಾಸ ನಡೆದಿರಬೇಕು, ವಯಸ್ಸು 46 ತುಂಬಿರಬೇಕು. ಹೀಗೆ ಬಂದವರಲ್ಲಿಯೂ ನೂರಕ್ಕೆ ಒಬ್ಬರು ತೇರ್ಗಡೆಯಾದರೆ ಹೆಚ್ಚು. ಪದವಿಯೆಂಬುದು ಅಲ್ಲಿ ತಾರುಣ್ಯದ ಬಲಕ್ಕೆ ಸಲ್ಲುವ ಬಹುಮಾನವಲ್ಲವೆಂಬುದು ಇದರಿಂದ ಸ್ಪಷ್ಟವಾಗುವುದು.

ನಮ್ಮ ನಾಡಿನ ಕಡೆಗೆ ತಿರುಗೋಣ. ಕುವಳಾಲವೆಂಬ ಹೆಸರಿನಿಂದ ಗಂಗರ ರಾಜಧಾನಿಯಾಗಿದ್ದ ಕೋಲಾರದಲ್ಲಿ, ಕೋಲಾರಮ್ಮನ ಗುಡಿಯ ಆವರಣದಲ್ಲಿ, ಯುದ್ಧದೃಶ್ಯವನ್ನು ಕೆತ್ತಿದ ದೊಡ್ಡದೊಂದು ಚಪ್ಪಡಿಯುಂಟು. ಹಳ್ಳಿಹಳ್ಳಿಯಲ್ಲಿಯೂ ಕತ್ತಿ ಹಿರಿದು ನಿಂತ ವೀರರ ಕಲ್ಲುಗಳುಂಟು. ಗಂಗರ ಕಾಲದ ಪದವಿಯ ಸ್ವರೂಪವನ್ನು ಅರಿಯಲು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ಶಿಲೆಗಿಂತ ಉತ್ತಮವಾದ ಸಾಕ್ಷಿಯಿಲ್ಲ. ನಮ್ಮ ಆವಣಿಯಲ್ಲಿ ಗುಡಿಗಳನ್ನೆತ್ತಿಸಿದ ನೊಳಂಬರ ವಂಶದ ವೀರಮಹೇಂದ್ರನೊಡನೆ ತುಂಬೆಪಾಡಿಯಲ್ಲಿ ನಡೆದ ಕಾಳಗದಲ್ಲಿ ನಾಗತ್ತರನೆಂಬ ನಾಯಕನು ಮಡಿಯಲು, ಗಂಗರ ಎರೆಯಪ್ಪನು ಅದನ್ನು ಕೇಳಿ, ನಾಗತ್ತರನ ಪಟ್ಟವನ್ನು ಇರುಗನೆಂಬವನಿಗೆ ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ, ಎಂದರೆ ಉಂಬಳಿಯಾಗಿ, ಕೊಟ್ಟನೆಂದು ಆ ಶಾಸನ ತಿಳಿಸುವುದು. ಒಬ್ಬನು ಪ್ರಾಣ ತೆತ್ತು ತೆರವು ಮಾಡಿದ ಪದವಿಗೆ ಮತ್ತೊಬ್ಬನು ಏರಬೇಕಾಗಿದ್ದಿತು. ಆ ಪಟ್ಟದೊಡನೆ ಹನ್ನೆರಡು ಹಳ್ಳಿಗಳ ರಕ್ಷಣೆಯ ಭಾರವೂ ಅವನ ಹೆಗಲಿಗೆ ಬಂದಿತು.

ರಣರಂಗದ ಈ ಪಟ್ಟಕ್ಕೂ ಅಖಾಡದ ಪದವಿಗೂ ಭೇದವುಂಟು. ಅಖಾಡದಲ್ಲಿ ಮಲ್ಲರನ್ನು ತರಗತಿಗಳಾಗಿ ವಿಂಗಡಿಸಿದ ಕೃತಿಯೊಂದು ಕನ್ನಡನಾಡಿನಲ್ಲಿಯೇ, ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನಿಂದ, ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿತವಾಯಿತೆಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ. ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಅಪರನಾಮವುಳ್ಳ ‘ಮಾನಸೋಲ್ಲಾಸ’ದ ಮಲ್ಲವಿನೋದ ಪ್ರಕರಣದಲ್ಲಿ ವಯಸ್ಸು, ದೇಹಪ್ರಮಾಣ, ಬಲಗಳನ್ನು ಅಳೆದು ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂಬುದಾಗಿ ಬೇರ್ಪಡಿಸಿದೆ. ಅವರಿಗೆ ಬೇಕಾದ ಬೇಳೆ, ಮಾಂಸ, ಹಾಲು, ಸಕ್ಕರೆಗಳನ್ನು ಅರಸನೇ ಒದಗಿಸಬೇಕೆಂದೂ, ಮಲ್ಲರು ಸ್ತ್ರೀಯರಿಂದ ದೂರವಿದ್ದು ದೇಹಸಾಧನೆಯೊಂದರಲ್ಲಿಯೇ ನಿರತರಾಗಿರಬೇಕೆಂದೂ ಅಲ್ಲಿ ವಿಧಿಸಿದೆ. ಕಾನೋ ಅವರಿಗಿಂತ ಏಳುನೂರೈವತ್ತು ವರ್ಷ ಮುಂಚೆ ನಮ್ಮ ದೊರೆಯೊಬ್ಬನು ಮಲ್ಲರ ಶ್ರೇಣಿಯನ್ನು ಗ್ರಂಥಸ್ಥವಾಗಿಸಿದನೆಂಬುದನ್ನು ನಮ್ಮ ಶಾಲೆಯ ಮಕ್ಕಳು ಏಕೆ ಅರಿಯಬಾರದು?

ಮುಂದೆ ವಿಜಯನಗರದ ಮಹಾನವಮಿ. ಸುಮಾರು 1535ರಲ್ಲಿ ಆ ಉತ್ಸವವನ್ನು ಬಣ್ಣಿಸಿದ ಪೋರ್ಚುಗೀಸ್ ವರ್ತಕ ನೂನಿಜ್, ಅರಸನ ಬಳಿ ಸಾವಿರ ಮಂದಿ ಮಲ್ಲರಿದ್ದರೆಂದೂ, ಅವರ ಮೇಲೆ ಒಬ್ಬ ನಾಯಕನಿದ್ದನೆಂದೂ, ರಾಜ್ಯದಲ್ಲಿ ಅವರಿಗೆ ಬೇರೆ ಯಾವ ಊಳಿಗವೂ ಇರಲಿಲ್ಲವೆಂದೂ ಬರೆದಿರುವನು. ಕೈಯಲ್ಲಿ ಮೊನೆಗಳುಳ್ಳ ಬಳೆಯಂಥ ಆಯುಧ ಹಿಡಿದು ಒಬ್ಬರನ್ನೊಬ್ಬರು ಗಾಯಗೊಳಿಸುತ್ತಿದ್ದ ಆ ಕಾಳಗದಲ್ಲಿ, ಹೆಚ್ಚು ಗಾಯಗೊಂಡವನೇ ಅರಸನ ಮುಂದೆ ಹೋಗಿ ರೇಷ್ಮೆಯ ವಸ್ತ್ರವನ್ನು ಉಡುಗೊರೆಯಾಗಿ ಪಡೆಯುತ್ತಿದ್ದನಂತೆ. ಸೋತವನೆಂದು ನಾವು ಬಗೆಯುವವನಿಗೆ ಸನ್ಮಾನವೇಕೆಂದು ಓದುಗರು ಕೇಳಬಹುದು. ಗಾಯವನ್ನು ಸಹಿಸಿಯೂ ಕಣ ಬಿಟ್ಟು ಸರಿಯದ ಧೈರ್ಯವನ್ನು ಆ ಕಾಲದವರು ಗೆಲುವಿಗಿಂತ ಕೀಳೆಂದು ಎಣಿಸಲಿಲ್ಲವೆಂದು ನನಗೆ ತೋರುವುದು.

ಆ ಕಾಳಗ ಇಂದಿಗೂ ನಶಿಸಿಲ್ಲ. ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯ ಬೆಳಗ್ಗೆ ನಡೆಯುವ ವಜ್ರಮುಷ್ಟಿ ಕಾಳಗವನ್ನು ಕಂಡವರಿಗೆ ನೂನಿಜ್ ಬರೆದದ್ದು ಪ್ರತ್ಯಕ್ಷವಾಗುವುದು. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜಟ್ಟಿ ಮನೆತನದವರಲ್ಲದೆ ಇತರರು ಇದರಲ್ಲಿ ಸೆಣಸುವಂತಿಲ್ಲ. ಮುಂಚಿತವಾಗಿಯೇ ಹಿರಿಯರು ಕೂಡಿ, ಮೈಕಟ್ಟನ್ನೂ ಪಳಗಿದ ಕೈಯನ್ನೂ ನೋಡಿ, ಯಾರಿಗೆ ಯಾರು ಸಮನೆಂದು ನಿಶ್ಚಯಿಸಿ ಜೋಡಿ ಕಟ್ಟುವರು. ಆ ದಿನ ಜಟ್ಟಿಗಳು ಶಿಖೆಯೊಂದನ್ನುಳಿದು ತಲೆಯನ್ನೆಲ್ಲ ಬೋಳಿಸಿಕೊಂಡು, ಲಂಗೋಟಿ ಬಿಗಿದು, ಬಲಗೈಯ ಬೆರಳುಗಳಿಗೆ ದಂತದ ಅಥವಾ ಕೊಂಬಿನ ಮೊನಚಾದ ಆಯುಧವನ್ನು ಧರಿಸಿ, ಮಣ್ಣಿನ ಕಣದಲ್ಲಿ ಎದುರುಬದುರು ನಿಲ್ಲುವರು. ಎದುರಾಳಿಯ ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿದೊಡನೆ ಕಾಳಗವನ್ನು ನಿಲ್ಲಿಸುವರು. ಕ್ಷಣಕಾಲದಲ್ಲಿ ಮುಗಿಯುವ ಈ ಸೆಣಸಾಟಕ್ಕಾಗಿ ಮನೆತನದ ಬಾಲಕರನ್ನು ವರ್ಷಗಟ್ಟಲೆ ಪಳಗಿಸುವರು. ಉಳುಕು, ಕೀಲುತಪ್ಪುಗಳನ್ನು ಸರಿಪಡಿಸುವ ವೈದ್ಯವೂ ಜಟ್ಟಿಗಳಲ್ಲಿ ಕುಲವಿದ್ಯೆಯಾಗಿ ಬಂದದ್ದು: ಮುರಿಯಲು ಬಲ್ಲ ಕೈ ಜೋಡಿಸಲೂ ಬಲ್ಲುದಾಗಿರಬೇಕೆಂಬ ವಿವೇಕ ಇಲ್ಲಿರುವುದು.

ಮೈಸೂರಿನ ದೊರೆಗಳಲ್ಲಿ ಸ್ವತಃ ಮಲ್ಲನಾಗಿದ್ದವನು ರಣಧೀರ ಕಂಠೀರವ ನರಸರಾಜ ಒಡೆಯನು. 1638ರಲ್ಲಿ ಪಟ್ಟಕ್ಕೆ ಬರುವ ಮೊದಲು, ತಿರುಚಿರಾಪಳ್ಳಿಯ ಜಟ್ಟಿಯೊಬ್ಬನು ತನ್ನನ್ನು ಗೆಲ್ಲುವವರಿಲ್ಲವೆಂದು ಊರಬಾಗಿಲಿಗೆ ಚಲ್ಲಣವನ್ನು ಕಟ್ಟಿರುವನೆಂಬ ಸುದ್ದಿ ಕೇಳಿ, ವೇಷ ಮರೆಸಿಕೊಂಡು ಅಲ್ಲಿಗೆ ಹೋಗಿ, ಅವನನ್ನು ಸೋಲಿಸಿ, ಬಿರುದನ್ನಾಗಲಿ ಬಹುಮಾನವನ್ನಾಗಲಿ ಸ್ವೀಕರಿಸಲು ನಿಲ್ಲದೆ ಹಿಂದಿರುಗಿದನೆಂಬ ಐತಿಹ್ಯ ಹಳೆಯ ಮೈಸೂರಿನ ಗರಡಿಗಳಲ್ಲೆಲ್ಲ ಇಂದಿಗೂ ಹೇಳಿಕೆಯಲ್ಲಿದೆ. ಇಂದು ಮೈಸೂರಿನ ದಸರಾ ಕುಸ್ತಿಯಲ್ಲಿ ಕೊಡುವ ‘ದಸರಾ ಕಂಠೀರವ’ ಎಂಬ ಬಿರುದು ಅವನ ಹೆಸರನ್ನೇ ನೆನಪಿಗೆ ತರುವುದು.

ಅರಮನೆಯ ಆಶ್ರಯವಿಲ್ಲದ ನಮ್ಮಂಥ ಗಡಿನಾಡಿನ ಊರುಗಳಲ್ಲಿ, ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ, ಸಂತೆಯಲ್ಲಿ ಉರ್ದೂ ಆಡುವ ಜನರ ನಡುವೆ, ವಿದ್ಯೆ ಉಳಿದದ್ದು ಗರಡಿಮನೆಯಲ್ಲಿ. ಗರಡಿಯ ಕ್ರಮ ಸಾಮಾನ್ಯವಾಗಿ ಎಲ್ಲೆಡೆಯೂ ಒಂದೇ. ಬಾಗಿದಲ್ಲದೆ ಒಳಹೊಗಲಾಗದಷ್ಟು ಗಿಡ್ಡನೆಯ ಬಾಗಿಲು, ಗೋಡೆಯಲ್ಲಿ ಆಂಜನೇಯ, ಮೂಲೆಯಲ್ಲಿ ಗದೆ, ಲೋಡುಗಳು, ನಡುವೆ ಎಣ್ಣೆ, ಮಜ್ಜಿಗೆ, ಅರಿಸಿನ, ಕರ್ಪೂರಗಳನ್ನು ಬೆರಸಿ ಹದಗೊಳಿಸಿದ ಕೆಮ್ಮಣ್ಣು. ಹೊಸದಾಗಿ ಸೇರಿದ ಹುಡುಗನು ಮೊದಲು ಆ ಮಣ್ಣನ್ನು ಅಗೆದು ಮಗುಚಬೇಕು, ಹಿರಿಯರ ಮೈ ತಿಕ್ಕಬೇಕು. ದಂಡ, ಬಸ್ಕಿಗಳಲ್ಲಿ ಉಸಿರು ಪಳಗಿದ ಮೇಲೆ ಒಂದೊಂದಾಗಿ ಪಟ್ಟುಗಳ ಪಾಠ. ಜಾತ್ರೆಯ ಕುಸ್ತಿಯಲ್ಲಿ ಎದುರಾಳಿಯನ್ನು ಚಿತ್ ಮಾಡಿ ಬಂದವನನ್ನು ಊರು ‘ಪೈಲ್ವಾನ್’ ಎಂದು ಕರೆಯತೊಡಗುವುದು. ಅವನು ಮುಪ್ಪಿನತ್ತ ಸರಿದು, ತಾನು ಕಣಕ್ಕಿಳಿಯುವುದನ್ನು ಬಿಟ್ಟು, ಹಿಂದೂ ಮುಸಲ್ಮಾನರೆನ್ನದೆ ಊರ ಹುಡುಗರನ್ನು ತಿದ್ದಿ ಗೆಲ್ಲಿಸಿದಾಗ, ಯಾರೂ ಪರೀಕ್ಷೆ ನಡೆಸದೆ, ಯಾರೂ ಪತ್ರ ಬರೆದುಕೊಡದೆ, ‘ಉಸ್ತಾದ್’ ಎನಿಸಿಕೊಳ್ಳುವನು. ಕುಡಿತ, ಜಗಳಗಳಲ್ಲಿ ತೊಡಗಿದ ಪೈಲ್ವಾನನಿಗೆ ಎಷ್ಟೇ ಬಲವಿದ್ದರೂ ಆ ಹೆಸರು ದೊರೆಯದು. ಕೆಂಡೋದ ಎಂಟನೆಯ ಡಾನ್ ಪಡೆದವರಲ್ಲಿಯೂ ನಮ್ಮ ಉಸ್ತಾದರಲ್ಲಿಯೂ ನಾನು ಕಾಣುವ ಸಾಮ್ಯ ಇದೇ: ಗೆಲ್ಲುವ ವಯಸ್ಸು ದಾಟಿದ ಮೇಲೆಯೇ ದೊರೆಯುವ ಪದವಿ.

ಭೇದವೂ ಒಂದುಂಟು, ಅದು ಸಣ್ಣದಲ್ಲ. ಕಾನೋ ಅವರ ಶಾಲೆಯಲ್ಲಿ ಮೊದಲ ಡಾನ್ ಪಡೆದ ಇಬ್ಬರ ಹೆಸರೂ ಇಂದು ಲೋಕಕ್ಕೆ ಗೊತ್ತು. ನಮ್ಮ ಉಸ್ತಾದರ ಪದವಿಯಾದರೋ ಊರಿನ ನೆನಪಿನಲ್ಲಿ ಮಾತ್ರ ಉಂಟು. ಆ ನೆನಪುಳ್ಳವರು ತೀರಿಕೊಂಡರೆ ಪದವಿಯೂ, ಗುರುಪರಂಪರೆಯೂ ಒಟ್ಟಿಗೆ ಅಳಿಯುವುವು. ನಾಗತ್ತರನಿಗೆ ಕಲ್ಲು ನೆಡಿಸಿದ ನಾಡಿನಲ್ಲಿ ಇದು ಸಲ್ಲದು. ಆದಕಾರಣ, ಕರಾಟೆ ಕಲಿಯುವ ಮಕ್ಕಳ ತಂದೆತಾಯಿಗಳಲ್ಲಿಯೂ ಅಧ್ಯಾಪಕರಲ್ಲಿಯೂ ನನ್ನ ಬಿನ್ನಹವಿಷ್ಟೆ: ನಿಮ್ಮ ಊರಿನ ಗರಡಿಗೆ ಮಕ್ಕಳನ್ನು ಒಮ್ಮೆ ಕರೆದೊಯ್ಯಿರಿ, ಅಲ್ಲಿ ಕಲಿಸಿದ ಉಸ್ತಾದರು ಯಾರು, ಅವರಿಗೆ ಕಲಿಸಿದವರು ಯಾರು, ಯಾವ ಜಾತ್ರೆಯಲ್ಲಿ ಯಾರೊಡನೆ ಕೈ ಹಾಕಿದರು ಎಂಬುದನ್ನು ಬದುಕಿರುವ ಹಿರಿಯರಿಂದ ಕೇಳಿ, ಆ ಮಕ್ಕಳ ಕೈಯಿಂದಲೇ ಈ ವರ್ಷವೇ ಬರೆಸಿಡಿರಿ.