ಒಂದು ಮನೆ ಎಂದರೆ ಎಷ್ಟು ಮನೆ?

ಮನೆಗಳ ಚರಿತ್ರೆ ಬರೆಯುವವರು ತೊಟ್ಟಿ, ಜಗಲಿ, ಕಂಬ, ಹೆಂಚುಗಳನ್ನು ನೋಡುತ್ತಾರೆ. ಬೆಂಗಳೂರಿನ ಬಡಾವಣೆಗಳ ಮೇಲೆ ಸಂಶೋಧನೆ ಮಾಡುತ್ತಿರುವ ನಾನೂ ಅವುಗಳಿಂದಲೇ ಶುರುಮಾಡಿದೆ. ಆದರೆ ಈಚೆಗೆ ನನ್ನ ಮೇಜಿನ ಮೇಲೆ ನಕ್ಷೆಗಳಿಗಿಂತ ತೆರಿಗೆಯ ಕಾಗದಗಳೇ ಹೆಚ್ಚಾಗಿವೆ. ಕಾರಣ ಸರಳ. ತೆರಿಗೆ ಹಾಕಬೇಕಾದರೆ ಮನೆಯನ್ನು ಎಣಿಸಬೇಕು. ಎಣಿಸಬೇಕಾದರೆ ಮನೆ ಎಂದರೇನೆಂದು ಹೇಳಬೇಕು. ಸರ್ಕಾರ ಹಾಗೆ ಹೇಳಿದ ಮೇಲೆ ಜನ ಆ ಮಾತಿಗೆ ತಕ್ಕಂತೆ ಮನೆ ಕಟ್ಟತೊಡಗುತ್ತಾರೆ.

ಇದಕ್ಕೆ ಪ್ರಸಿದ್ಧ ಉದಾಹರಣೆ ಇಂಗ್ಲೆಂಡಿನದು. ಅಲ್ಲಿ 1696ರಿಂದ 1851ರವರೆಗೆ ಕಿಟಕಿಗಳನ್ನು ಎಣಿಸಿ ತೆರಿಗೆ ಹಾಕುತ್ತಿದ್ದರು. ಜನ ಕಿಟಕಿಗಳನ್ನು ಇಟ್ಟಿಗೆಯಿಂದ ಮುಚ್ಚಿಸಿ ಕತ್ತಲಲ್ಲಿ ಕೂತರು. 1784ರಲ್ಲಿ ಇಟ್ಟಿಗೆಗೂ ಸಾವಿರಕ್ಕೆ ಇಷ್ಟು ಎಂದು ತೆರಿಗೆ ಬಂತು. ಆಗ ಇಟ್ಟಿಗೆಗಳೇ ದಪ್ಪವಾದವು. ಅದು 1850ರಲ್ಲಿ ರದ್ದಾಯಿತು.

ನಮ್ಮಲ್ಲಿ ಇಂಥದ್ದೇನಿದೆ ಎಂದು ಕೇಳಿದರೆ ಬಿಬಿಎಂಪಿಯ ಆಸ್ತಿ ತೆರಿಗೆ ಪದ್ಧತಿಯನ್ನು ನೋಡಿ. 2000ದಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ಸ್ವಯಂ ಘೋಷಣೆಯ ಪದ್ಧತಿ ತಂದಿತು. 2008ರಲ್ಲಿ ಬಿಬಿಎಂಪಿ ಊರನ್ನು ಎ ಇಂದ ಎಫ್‌ವರೆಗೆ ಆರು ವಲಯಗಳಾಗಿ ವಿಂಗಡಿಸಿ ಚದರಡಿಗೆ ಇಷ್ಟು ಎಂದು ದರ ಕಟ್ಟಿತು. ಮಾಲೀಕರೇ ವಾಸವಿದ್ದರೆ ಬಾಡಿಗೆ ಮನೆಯ ಅರ್ಧದಷ್ಟು ದರ. ಆ ಪದ್ಧತಿಯಲ್ಲಿ ಆರ್‌ಸಿಸಿ ಅಥವಾ ಮದ್ರಾಸ್ ತಾರಸಿಯ ಮನೆಗಳದು ಒಂದು ವರ್ಗ. ಅಂಥದೇ ತಾರಸಿಯಿದ್ದು ನೆಲ ಮಾತ್ರ ಸಿಮೆಂಟು ಅಥವಾ ರೆಡ್ ಆಕ್ಸೈಡಿನದಾದರೆ ಕಡಿಮೆ ದರದ ಇನ್ನೊಂದು ವರ್ಗ. ಅಜ್ಜಿಯರು ಉಜ್ಜಿ ಉಜ್ಜಿ ಕನ್ನಡಿಯಂತೆ ಹೊಳೆಯಿಸಿದ ಕೆಂಪು ನೆಲ ಹೀಗೆ ಸರ್ಕಾರಿ ಲೆಕ್ಕದೊಳಕ್ಕೂ ಬಂತು. ಆದರೆ ಆ ರಿಯಾಯಿತಿ ಕೆಂಪು ನೆಲವನ್ನು ಉಳಿಸಲಿಲ್ಲ. ನಾನು ವಾಸವಿರುವ ಆರ್.ಟಿ. ನಗರದಲ್ಲಿ ಅಂಥ ನೆಲ ಈಗ ಹುಡುಕಿದರೆ ಸಿಗುವ ವಸ್ತು.

ಮನೆಯ ರೂಪವನ್ನು ನಿಜಕ್ಕೂ ಬದಲಿಸಿದ್ದು ಬೇರೆ ತೆರಿಗೆ. ಅದು ಮನೆ ಇರುವಾಗ ಕಟ್ಟುವುದಲ್ಲ, ಮನೆ ಕೈಬಿಡುವಾಗ ಬರುವುದು: ಬಂಡವಾಳ ಲಾಭದ ಮೇಲಿನ ತೆರಿಗೆ. ಅಗ್ಗವಾಗಿದ್ದ ಕಾಲದಲ್ಲಿ ಕೊಂಡ ಸೈಟು ಇಂದು ಕೋಟಿಗಳಲ್ಲಿ ಮಾರಾಟವಾಗುವ ಊರಿನಲ್ಲಿ ಇದು ಸಣ್ಣ ಮಾತಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 54ನೆಯ ಸೆಕ್ಷನ್ ಇದಕ್ಕೊಂದು ದಾರಿ ಬಿಟ್ಟಿತ್ತು. ಮನೆ ಮಾರಿ ಬಂದ ಲಾಭವನ್ನು ನಿಗದಿತ ಅವಧಿಯೊಳಗೆ ಇನ್ನೊಂದು ಮನೆಗೆ ಹಾಕಿದರೆ ಆ ಮಟ್ಟಿಗೆ ತೆರಿಗೆಯಿಲ್ಲ. ಈಗಿನ ಲೆಕ್ಕದಲ್ಲಿ ಕೊಳ್ಳುವುದಾದರೆ ಮಾರಾಟಕ್ಕೆ ಒಂದು ವರ್ಷ ಮೊದಲು ಅಥವಾ ಎರಡು ವರ್ಷದೊಳಗೆ, ಕಟ್ಟುವುದಾದರೆ ಮೂರು ವರ್ಷದೊಳಗೆ.

ಈ ಸೆಕ್ಷನ್ನಿನ ಮೊದಲ ಪಾಠದಲ್ಲಿ ನನ್ನ ಗಮನ ಸೆಳೆದ ಒಂದು ಷರತ್ತಿದೆ. ಮಾರುವ ಮನೆಯಲ್ಲಿ ಅದಕ್ಕೆ ಹಿಂದಿನ ಎರಡು ವರ್ಷ ಮಾಲೀಕ ಅಥವಾ ಅವನ ತಂದೆ ಇಲ್ಲವೆ ತಾಯಿ ವಾಸವಿದ್ದಿರಬೇಕು. ಮಗನ ಹೆಸರಿನ ಮನೆಯಲ್ಲಿ ಅಪ್ಪ ಅಮ್ಮ ಇರುತ್ತಾರೆ, ಮಗ ಬೇರೆಲ್ಲೋ ಇರುತ್ತಾನೆ ಎಂಬುದು 1961ರ ಕಾನೂನಿಗೆ ಗೊತ್ತಿತ್ತು. 1982ರ ಹಣಕಾಸು ಕಾಯ್ದೆ ಈ ಷರತ್ತನ್ನು ತೆಗೆದುಹಾಕಿತು. ಅದರಿಂದ ಬಾಡಿಗೆಗೆ ಕೊಟ್ಟ ಮನೆಗೂ ವಿನಾಯಿತಿ ಸಿಕ್ಕಿತು, ಅನುಕೂಲವೇ ಆಯಿತು. ಆದರೆ ಮನೆಯೊಳಗೆ ಯಾರಿದ್ದಾರೆಂದು ಕೇಳುವುದನ್ನು ಕಾನೂನು ಅಲ್ಲಿಗೆ ನಿಲ್ಲಿಸಿತು. ಉಳಿದದ್ದು ಎಣಿಕೆ.

ಎಣಿಕೆಯ ಜಗಳ ಕರ್ನಾಟಕ ಹೈಕೋರ್ಟಿಗೆ ಬಂತು. ಬೆಂಗಳೂರಿನ ತೆರಿಗೆದಾರರೊಬ್ಬರು ಮನೆ ಮಾರಿ ಅಕ್ಕಪಕ್ಕದ ಎರಡು ಫ್ಲ್ಯಾಟ್ ಕೊಂಡಿದ್ದರು. ಎರಡು ಕ್ರಯಪತ್ರ, ಆದ್ದರಿಂದ ಎರಡು ಮನೆ ಎಂದಿತು ಇಲಾಖೆ. ಎರಡನ್ನೂ ಸೇರಿಸಿ ಒಂದು ಮಾಡಿ ಕೊಡಲಾಗಿದೆ ಎಂದು ಮಾರಿದವರು ತಿಳಿಸಿದ್ದರು. 2008ರಲ್ಲಿ ಹೈಕೋರ್ಟು ತೆರಿಗೆದಾರರ ಪರ ನಿಂತಿತು. ಇಂಗ್ಲೆಂಡಿನಲ್ಲಿ ತೆರಿಗೆಯ ಕಾರಣಕ್ಕೆ ಕಿಟಕಿ ಮುಚ್ಚಿದರು. ಬೆಂಗಳೂರಿನಲ್ಲಿ ತೆರಿಗೆಯ ಲೆಕ್ಕದಲ್ಲಿ ನಡುಗೋಡೆಯ ದಾರಿಯೂ ಸಾಕ್ಷಿಯಾಯಿತು.

2010ರಲ್ಲಿ ಇದೇ ಹೈಕೋರ್ಟು ಇನ್ನೂ ಮುಂದೆ ಹೋಯಿತು. ಮಹಿಳೆಯೊಬ್ಬರು ತಮ್ಮ ಆಸ್ತಿಯನ್ನು ಬಿಲ್ಡರಿಗೆ ಜಂಟಿ ಅಭಿವೃದ್ಧಿಗೆ ಕೊಟ್ಟಿದ್ದರು. ಅವರ ಪಾಲಿಗೆ ಬಂದದ್ದು ನಾಲ್ಕು ಫ್ಲ್ಯಾಟು. ನಾಲ್ಕಕ್ಕೂ ವಿನಾಯಿತಿ ಇದೆಯೇ? ಇದೆ ಎಂದಿತು ನ್ಯಾಯಾಲಯ. ಕಾಯ್ದೆಯ ಇಂಗ್ಲಿಷ್ ಪಾಠದಲ್ಲಿ ಮನೆ ಎಂಬ ಪದದ ಹಿಂದೆ ಇದ್ದದ್ದು ‘ಎ’ ಎಂಬ ಒಂದೇ ಅಕ್ಷರ. ಅದು ಸಂಖ್ಯೆ ಹೇಳುತ್ತಿಲ್ಲ, ಕಟ್ಟಡ ವಾಸದ್ದಾಗಿರಬೇಕು ಎಂದಷ್ಟೇ ಹೇಳುತ್ತಿದೆ ಎಂಬುದು ಈ ತೀರ್ಪುಗಳ ತಿರುಳು.

ಕನ್ನಡದಲ್ಲಿ ಓದುವವರಿಗೆ ಇದರಲ್ಲಿ ಇನ್ನೊಂದು ರುಚಿಯಿದೆ. ನಮ್ಮ ‘ಒಂದು’ ಎರಡೂ ಕೆಲಸ ಮಾಡುತ್ತದೆ. ‘ಒಂದೂರಲ್ಲಿ ಒಬ್ಬ ರಾಜ’ ಎಂದು ಕತೆ ಶುರುಮಾಡುವವರು ಊರನ್ನಾಗಲಿ ರಾಜನನ್ನಾಗಲಿ ಎಣಿಸುತ್ತಿರುವುದಿಲ್ಲ. ಸಂತೆಯಲ್ಲಿ ‘ಒಂದು ತೆಂಗಿನಕಾಯಿ ಕೊಡಿ’ ಎನ್ನುವವರು ಎಣಿಸಿಯೇ ಹೇಳುತ್ತಾರೆ. ಹೈಕೋರ್ಟು ಕಾಯ್ದೆಯನ್ನು ಕತೆಯಂತೆ ಓದಿತು. ಇಲಾಖೆ ಸಂತೆಯಂತೆ ಓದಿತ್ತು.

ನಾಲ್ಕು ವರ್ಷದಲ್ಲಿ ಸಂತೆಯೇ ಗೆದ್ದಿತು. 2014ರ ಜುಲೈಯಲ್ಲಿ ಅರುಣ್ ಜೇಟ್ಲಿ ಮಂಡಿಸಿದ ಬಜೆಟ್ಟಿನೊಂದಿಗೆ ಬಂದ ತಿದ್ದುಪಡಿ ಎರಡು ಕೆಲಸ ಮಾಡಿತು: ‘ಎ’ ತೆಗೆದು ‘ಒನ್’ ಹಾಕಿತು; ‘ಭಾರತದಲ್ಲಿ’ ಎಂಬ ಮಾತನ್ನು ಸೇರಿಸಿತು. 2019ರಲ್ಲಿ ಕೊಂಚ ಸಡಿಲಿಸಿ, ಲಾಭ 2 ಕೋಟಿ ಮೀರದಿದ್ದರೆ ಜೀವನದಲ್ಲಿ ಒಮ್ಮೆ ಎರಡು ಮನೆಗೆ ಅವಕಾಶ ಕೊಟ್ಟರು.

‘ಭಾರತದಲ್ಲಿ’ ಎಂಬ ಮಾತು ಯಾಕೆ ಬೇಕಾಯಿತು? ಯಾಕೆಂದರೆ ಅಲ್ಲಿಯವರೆಗೆ ಕಾನೂನು ಮನೆ ಎಲ್ಲಿರಬೇಕೆಂದು ಹೇಳಿರಲಿಲ್ಲ. ಇಲ್ಲಿಯ ಆಸ್ತಿ ಮಾರಿ ವಿದೇಶದಲ್ಲಿ ಮನೆ ಮಾಡಿದವರು ವಿನಾಯಿತಿ ಕೇಳಿದ್ದರು. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಮುಂಬೈ ಮತ್ತು ಬೆಂಗಳೂರು ಪೀಠಗಳು ಕೊಟ್ಟವು, ಅಹಮದಾಬಾದಿನದು ಕೊಡಲಿಲ್ಲ. ಆ ಅಹಮದಾಬಾದ್ ಪ್ರಕರಣದಲ್ಲೂ 2016ರಲ್ಲಿ ಗುಜರಾತ್ ಹೈಕೋರ್ಟು ತೆರಿಗೆದಾರರ ಪರ ತೀರ್ಪಿತ್ತಿತು; ಅದು ತಿದ್ದುಪಡಿಗೆ ಮುಂಚಿನ ವರ್ಷದ ಮಾತಾಗಿತ್ತು. ಹಣ ಹೊರಗೆ ಹೋಗಲು ಬಾಗಿಲು ತೆರೆದೇ ಇದೆ: 2004ರಲ್ಲಿ ರಿಸರ್ವ್ ಬ್ಯಾಂಕ್ ವರ್ಷಕ್ಕೆ ತಲಾ 25,000 ಡಾಲರ್ ಎಂದು ಆರಂಭಿಸಿದ ರವಾನೆ ಯೋಜನೆಯ ಮಿತಿ ಈಗ 2,50,000 ಡಾಲರ್. ಆದರೆ ಆ ಹಣದಲ್ಲಿ ಹೊರದೇಶದಲ್ಲಿ ಏಳುವ ಮನೆ 54ನೆಯ ಸೆಕ್ಷನ್ನಿನ ಲೆಕ್ಕಕ್ಕೆ ಮನೆಯಲ್ಲ.

ನಾನು ಬಾಡಿಗೆಗಿರುವ ಮನೆಯ ಮಾಲೀಕರಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತು. ಇಬ್ಬರು ಮಕ್ಕಳೂ ಹೊರದೇಶದಲ್ಲಿದ್ದಾರೆ. ಒಂದು ಸಂಜೆ ತಾರಸಿಯಲ್ಲಿ ಬಟ್ಟೆ ತೆಗೆಯುತ್ತಾ ಆಂಟಿ ಹೇಳಿದರು: “ಮಾರಿ ಮಕ್ಕಳಿಗೆ ಅಲ್ಲಿ ಮನೆಗೆ ಕೊಡೋಣ ಅಂದ್ರೆ ಟ್ಯಾಕ್ಸು. ಬಿಲ್ಡರಿಗೆ ಕೊಟ್ಟು ಇಬ್ಬರಿಗೂ ಒಂದೊಂದು, ನಮಗೊಂದು ಇಟ್ಕೊಳ್ಳೋಣ ಅಂದ್ರೆ ಮೂರನೇದು ಲೆಕ್ಕಕ್ಕೆ ಬರಲ್ಲ. ಇಲ್ಲೇ ಇರೋದಕ್ಕೆ ಮಾತ್ರ ಏನೂ ಕೇಳಲ್ಲ ನೋಡಿ.” ಅಂಕಲ್ ನಕ್ಕು, “ಅದಕ್ಕೂ ಏಪ್ರಿಲ್‌ನಲ್ಲಿ ಕಂದಾಯ ಕಟ್ತೀನಲ್ಲ” ಎಂದರು.

ಬೀದಿಯ ತುಂಬ ಇಂಥ ಲೆಕ್ಕಗಳ ಗುರುತಿದೆ. ಜಂಟಿ ಅಭಿವೃದ್ಧಿಗೆ ಕೊಟ್ಟ ಜಾಗಗಳಲ್ಲಿ ಮೊದಲು ಜಾಗ ಬಿಲ್ಡರಿನ ಸ್ವಾಧೀನಕ್ಕೆ ಹೋದ ವರ್ಷವೇ ತೆರಿಗೆ ಬೀಳುವ ಭಯವಿತ್ತು, ಫ್ಲ್ಯಾಟು ಕೈಗೆ ಬರದಿದ್ದರೂ. 2017ರಿಂದ ವೈಯಕ್ತಿಕ ಮಾಲೀಕರಿಗೆ ಮತ್ತು ಹಿಂದೂ ಅವಿಭಕ್ತ ಕುಟುಂಬಗಳಿಗೆ ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ಸಿಕ್ಕ ವರ್ಷಕ್ಕೆ ಅದನ್ನು ಮುಂದೂಡಿದರು. ಆ ಪ್ರಮಾಣಪತ್ರವಿಲ್ಲದೆ ಗೃಹಪ್ರವೇಶ ಮುಗಿಸಿದ ಕಟ್ಟಡಗಳು ನಮ್ಮೂರಲ್ಲಿ ಎಷ್ಟಿವೆ ಎಂದು ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ.

ಈಗ 1961ರ ಕಾಯ್ದೆಯ ಜಾಗಕ್ಕೆ 2025ರ ಆದಾಯ ತೆರಿಗೆ ಕಾಯ್ದೆ ಬಂದಿದೆ. 2026ರ ಏಪ್ರಿಲ್ 1 ಅದು ಜಾರಿಗೆ ಬರುವ ದಿನ. ಹಳೆಯ ಕಾಯ್ದೆಯನ್ನು ಇನ್ನು ಚರಿತ್ರೆಯವರು ಓದಬೇಕು. ಅರವತ್ತು ವರ್ಷದ ಆ ಪಠ್ಯದಲ್ಲಿ ನಮ್ಮ ಮಧ್ಯಮ ವರ್ಗದ ಮನೆಯ ಕತೆಯಿದೆ. ಮೊದಲು ಅದು ತಂದೆತಾಯಿ ಇರುವ ಜಾಗವಾಗಿತ್ತು. ಆಮೇಲೆ ಯಾರಿದ್ದರೂ ಸರಿಯಾದ ಆಸ್ತಿಯಾಯಿತು. ಕೆಲವು ವರ್ಷ, ನ್ಯಾಯಾಲಯದ ಕೃಪೆಯಿಂದ, ನಾಲ್ಕು ಫ್ಲ್ಯಾಟುಗಳೂ ಸೇರಿ ಒಂದು ಮನೆಯಾಗಿತ್ತು. ಕೊನೆಗೆ ಅದಕ್ಕೊಂದು ಸಂಖ್ಯೆಯೂ ಒಂದು ಗಡಿಯೂ ಬಂದವು. ಮಕ್ಕಳು ಅಷ್ಟರಲ್ಲಿ ಆ ಗಡಿ ದಾಟಿಯಾಗಿತ್ತು.