ಕರಡಿಗೆ ಸಿಗದ ಡಬ್ಬಿ

ನೆಲುವನ್ನು ಕಂಡವರು ಈಗ ಕಡಿಮೆ. ಅಡುಗೆಮನೆಯ ತೊಲೆಯಿಂದ ಇಳಿಬಿಟ್ಟ ಹಗ್ಗದ ಬಲೆ, ಅದರೊಳಗೆ ಒಂದರ ಮೇಲೊಂದು ಕೂತ ಹಾಲು, ಮೊಸರು, ಬೆಣ್ಣೆಯ ಗಡಿಗೆಗಳು. ಬೆಕ್ಕು ಹಾರಿದರೂ ಎಟುಕದಷ್ಟು ಎತ್ತರ, ಹೆಂಗಸರು ಕೈ ಚಾಚಿದರೆ ಸಿಗುವಷ್ಟು ತಗ್ಗು. ಬೆಣ್ಣೆ ಕದಿಯಲು ಕೃಷ್ಣ ಗೆಳೆಯರ ಹೆಗಲೇರಬೇಕಾಗಿ ಬಂದದ್ದೂ ಈ ನೆಲುವಿನ ದೆಸೆಯಿಂದಲೇ. ತಿನಿಸನ್ನು ಕಾಯುವವರು ಒಂದು ಉಪಾಯ ಹೂಡಿದರೆ ಕದಿಯುವವರು ಅದಕ್ಕೆ ಇನ್ನೊಂದು ಹೂಡುತ್ತಾರೆ. ಅಡುಗೆಮನೆಯಷ್ಟೇ ಹಳೆಯದಾದ ಈ ಪಂದ್ಯ ಅಮೆರಿಕದ ಬೆಟ್ಟಗಳಲ್ಲಿ ಮನುಷ್ಯರಿಗೂ ಕರಡಿಗಳಿಗೂ ನಡುವೆ ನೂರು ವರ್ಷಗಳ ಕಾಲ ನಡೆದಿದೆ. ಅಲ್ಲಿ ಪಣಕ್ಕಿದ್ದದ್ದು ಬೆಣ್ಣೆಯಲ್ಲ, ಕರಡಿಯ ಪ್ರಾಣ.

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡ ಪರ್ವತಸಾಲಿನಲ್ಲಿರುವ ಯೊಸೆಮಿಟಿ ರಾಷ್ಟ್ರೀಯ ಉದ್ಯಾನವಾದದ್ದು 1890ರಲ್ಲಿ. ಎಲ್ ಕ್ಯಾಪಿಟನ್, ಹಾಫ್ ಡೋಮ್ ಎಂಬ ಅಲ್ಲಿನ ಬಂಡೆಬೆಟ್ಟಗಳನ್ನು ಹತ್ತಲು ಲೋಕದ ಎಲ್ಲ ಕಡೆಯಿಂದ ಜನ ಬರುತ್ತಾರೆ. ದಿನಗಟ್ಟಲೆ ಬೆಟ್ಟದಲ್ಲಿರುವವರು ಡೇರೆ, ಹಗ್ಗ, ಬೆನ್ನುಚೀಲಗಳ ಜೊತೆಗೆ ಅಷ್ಟೂ ದಿನದ ಊಟವನ್ನೂ ಹೊತ್ತೊಯ್ಯಬೇಕು. ಅಲ್ಲಿರುವುದು ಕಪ್ಪು ಕರಡಿ. ಹೆಸರಿಗೆ ಕಪ್ಪು, ಬಣ್ಣದಲ್ಲಿ ಬಹಳಷ್ಟು ಕಂದು. ಅದರ ಮುಖ್ಯ ಆಹಾರ ಹುಲ್ಲು, ಹಣ್ಣು, ಓಕ್ ಮರದ ಕಾಯಿ, ಇರುವೆ. ಮನುಷ್ಯರನ್ನು ಬೇಟೆಯಾಡಲು ಬರುವ ಪ್ರಾಣಿಯಲ್ಲ. ಆದರೆ ಅದರ ಮೂಗು ನಾಯಿಯ ಮೂಗನ್ನೂ ಮೀರಿಸುವಂಥದು. ಚಳಿಗಾಲದ ದೀರ್ಘ ನಿದ್ದೆಗೆ ಮುನ್ನ ಹಗಲೂ ರಾತ್ರಿ ತಿಂದು ಮೈ ತುಂಬಿಕೊಳ್ಳಬೇಕಾದ ಜೀವಕ್ಕೆ ದಿನವಿಡೀ ಅಲೆದು ಸಿಗುವ ಹಣ್ಣಿಗಿಂತ ಒಂದು ಚೀಲದಲ್ಲಿ ಸಿಗುವ ರೊಟ್ಟಿ, ಮಾಂಸ, ಸಕ್ಕರೆ ಸುಲಭವೆನಿಸಿದರೆ ಅದರ ತಪ್ಪೇನು?

ಈ ರುಚಿ ಹತ್ತಿಸಿದವರು ಮನುಷ್ಯರೇ. 1923ರಿಂದ ಯೊಸೆಮಿಟಿ ಕಣಿವೆಯಲ್ಲಿ ಸಂಜೆಯ ಹೊತ್ತು ಕರಡಿಗಳಿಗೆ ಉಣಿಸುವ ಪ್ರದರ್ಶನವೇ ನಡೆಯುತ್ತಿತ್ತು. ಹೋಟೆಲುಗಳ ಮುಸುರೆ ತಂದು ಸುರಿಯುವುದು, ದೀಪ ಹಾಕುವುದು, ಕತ್ತಲಿನಿಂದ ಕರಡಿಗಳು ಒಂದೊಂದಾಗಿ ಬಂದು ತಿನ್ನುವುದನ್ನು ಜನ ಕೂತು ನೋಡುವುದು. ಮಕ್ಕಳನ್ನು ಹತ್ತಿರ ನಿಲ್ಲಿಸಿ ಫೋಟೋ ತೆಗೆಸಿಕೊಂಡವರೂ ಉಂಟು. ಗಾಯಗಳಾದವು, ದೂರುಗಳು ಬಂದವು. 1940ರಲ್ಲಿ ಪ್ರದರ್ಶನ ನಿಂತಿತು. ಕಸದ ತಿಪ್ಪೆಗಳು ಮಾತ್ರ ಬಾಯ್ದೆರೆದುಕೊಂಡೇ ಇದ್ದವು. ಅವನ್ನು ಪೂರ್ತಿ ಮುಚ್ಚುವ ಹೊತ್ತಿಗೆ 1970ರ ದಶಕ ಬಂದಿತ್ತು.

ತಿಪ್ಪೆ ಮುಚ್ಚಿದರೆ ಕರಡಿಗಳು ಕಾಡಿಗೆ ಮರಳುತ್ತವೆ ಎಂದು ನಂಬಿದ್ದರು. ಉಂಡು ಅಭ್ಯಾಸವಾದ ಕರಡಿಗಳು ಕಾಡಿಗೆ ಹೋಗಲಿಲ್ಲ, ಡೇರೆಗಳಿಗೆ ಬಂದವು. ಬೆನ್ನುಚೀಲ ಹರಿದವು, ಡೇರೆಯ ಬಟ್ಟೆ ಸೀಳಿದವು. ಇಂಥ ಕರಡಿಯನ್ನು ಬೋನಿನಲ್ಲಿ ಹಿಡಿದು ಎಷ್ಟು ದೂರ ಬಿಟ್ಟು ಬಂದರೂ ಅದು ಮತ್ತೆ ಹಳೆಯ ಜಾಗಕ್ಕೇ ಬರುತ್ತಿತ್ತು. ಬಂದು ಬಂದು ಧೈರ್ಯ ಹೆಚ್ಚಿದ ಕರಡಿಯನ್ನು ಕೊನೆಗೆ ಉದ್ಯಾನದವರೇ ಕೊಲ್ಲುತ್ತಿದ್ದರು. ಅಲ್ಲಿ ಗಾದೆಯಂಥ ಒಂದು ಮಾತಿದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಉಣಿಸಿದ ಕರಡಿ ಉಳಿಯದ ಕರಡಿ.

ಬೆಟ್ಟ ಹತ್ತುವವರು ಹೂಡಿದ ಮೊದಲ ಉಪಾಯ ನಮ್ಮ ನೆಲುವೇ! ತಿನಿಸಿನ ಚೀಲಕ್ಕೆ ಹಗ್ಗ ಕಟ್ಟಿ ಮರದ ಕೊಂಬೆಗೆ ಎತ್ತಿ ತೂಗುಬಿಡುವುದು. ಹಗ್ಗದ ತುದಿಯನ್ನು ಬೊಡ್ಡೆಗೆ ಬಿಗಿದಿರುವುದನ್ನು ಕರಡಿಗಳು ಕಂಡುಕೊಂಡು ಅದನ್ನೇ ಕಚ್ಚಿ ಕಡಿದವು. ಚೀಲ ಧೊಪ್ಪನೆ ಬಿತ್ತು. ಆಗ ಬಂದದ್ದು ತಕ್ಕಡಿಯ ಉಪಾಯ: ಒಂದೇ ತೂಕದ ಎರಡು ಚೀಲಗಳನ್ನು ಒಂದೇ ಹಗ್ಗದ ಎರಡು ತುದಿಗೆ ಕಟ್ಟಿ ತೆಳುವಾದ ಕೊಂಬೆಯ ಮೇಲೆ ಇಳಿಬಿಡುವುದು, ಬೆಳಿಗ್ಗೆ ಉದ್ದನೆಯ ಕೋಲಿನಿಂದ ಇಳಿಸಿಕೊಳ್ಳುವುದು. ಕರಡಿಗಳು ಕೊಂಬೆಯನ್ನೇ ಮುರಿದವು. ಕೊಂಬೆ ತನ್ನ ಭಾರ ತಾಳದು ಎನಿಸಿದಾಗ ತಾಯಿಕರಡಿ ಕೆಳಗೆ ನಿಂತು ಮರಿಗಳನ್ನು ಹತ್ತಿಸಿತು. ಕೃಷ್ಣನ ಕಥೆ ಕೇಳಿ ಬೆಳೆದ ನನಗೆ ಇದನ್ನು ಓದಿದಾಗ ನಗು ತಡೆಯಲಾಗಲಿಲ್ಲ. ಈಗ ಯೊಸೆಮಿಟಿಯಲ್ಲಿ ಊಟವನ್ನು ಮರಕ್ಕೆ ನೇತುಹಾಕುವುದೇ ಕಾನೂನಿಗೆ ವಿರುದ್ಧ.

ಮುಂದಿನ ಉಪಾಯ ಡಬ್ಬಿ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಗಾರ್ಸಿಯಾ ಎಂಬ ಯಂತ್ರಶಾಲೆಯವರು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಇದನ್ನು ಮಾಡಿದರು. ನೋಡಲು ಸಣ್ಣ ಪೀಪಾಯಿ. ಮೈಯೆಲ್ಲ ನುಣುಪು, ಹಲ್ಲು ಉಗುರಿಗೆ ಸಿಗುವ ಅಂಚಿಲ್ಲ. ಕರಡಿಯ ಬಾಯಿಗೆ ಹಿಡಿತ ಸಿಗದಷ್ಟು ದಪ್ಪ. ಮುಚ್ಚಳ ಒಳಗೆ ಹುದುಗಿ ಕೂರುತ್ತದೆ. ಅದರ ಎರಡು ಚಿಲಕಗಳನ್ನು ನಾಣ್ಯ ತೂರಿಸಿ ತಿರುಗಿಸಬೇಕು. ನೆಲದ ಮೇಲೆ, ಡೇರೆಯಿಂದ ದೂರ ಇಟ್ಟುಬಿಟ್ಟರಾಯಿತು. ಕರಡಿ ಬಂದು ಉರುಳಿಸುತ್ತದೆ, ನೆಕ್ಕುತ್ತದೆ, ಬೇಸತ್ತು ಹೋಗುತ್ತದೆ.

ಕೆಲವು ವರ್ಷಗಳ ಹಿಂದೆ ಬೇಸಗೆಯಲ್ಲಿ ಮಗಳ ಮನೆಗೆ ಹೋದಾಗ ಈ ಡಬ್ಬಿಯನ್ನು ಕೈಯಾರೆ ತುಂಬಿದ್ದೇನೆ. ಅವಳೂ ಅವಳ ಗೆಳತಿಯೂ ಮೂರು ದಿನಕ್ಕೆಂದು ಮೇಲಿನ ಬೆಟ್ಟಗಳಿಗೆ ಹೊರಟಿದ್ದರು. ಡಬ್ಬಿಯನ್ನು ಬಾಡಿಗೆಗೆ ತಂದಿದ್ದರು. ಖಾಲಿಯಿದ್ದಾಗಲೇ ಒಂದು ಕಿಲೋಗಿಂತ ಹೆಚ್ಚು ಭಾರ, ಹಿಡಿಸುವುದು ಸುಮಾರು ಹತ್ತು ಲೀಟರು. "ಅಮ್ಮಾ, ತುಂಬೋ ಕೆಲಸ ನಿಂದೇ. ನಿನ್ನಷ್ಟು ಒತ್ತಿ ತುಂಬೋದು ನಮಗೆ ಬರಲ್ಲ" ಎಂದಳು. ಹಾಸ್ಟೆಲಿಗೆ ವರ್ಷಗಟ್ಟಲೆ ಡಬ್ಬಿ ಕಳಿಸಿದ ಕೈಗಳಿಗೆ ಅದೇನು ದೊಡ್ಡದು? ಅವಲಕ್ಕಿ, ಹುರಿಗಡಲೆ, ಹುರಿದ ರವೆ, ಸುರುಳಿ ಸುತ್ತಿದ ಚಪಾತಿ, ಸಂದುಗಳಲ್ಲಿ ಚಟ್ನಿಪುಡಿಯ ಪೊಟ್ಟಣ. ಎಲ್ಲ ಆದ ಮೇಲೆ ಅವಳು ಟೂತ್‌ಪೇಸ್ಟು, ಸೋಪು, ಬಿಸಿಲಿಗೆ ಹಚ್ಚುವ ಕ್ರೀಮು ತಂದು ಮುಂದಿಟ್ಟಳು.

"ಇದನ್ನೂ ಕರಡಿ ತಿನ್ನುತ್ತೇನೇ?"

"ತಿನ್ನೋದು ಆಮೇಲಮ್ಮಾ. ವಾಸನೆ ಹಿಡಿದು ಬಂದು ಚೀಲ ಹರಿಯುತ್ತಲ್ಲ, ಅಷ್ಟು ಸಾಲದಾ?"

ರಾತ್ರಿ ಖಾಲಿ ಚೀಲದ ಜಿಪ್ಪನ್ನೆಲ್ಲ ತೆರೆದಿಡುತ್ತಾರಂತೆ. ಮೂಸಲು ಬಂದ ಪ್ರಾಣಿ ಒಳಗೆ ಮೂತಿ ಹಾಕಿ ಏನೂ ಇಲ್ಲವೆಂದು ತಿಳಿದು ಹೋಗಲಿ, ಹರಿಯುವ ಶ್ರಮ ಬೇಡ ಎಂದು. ಬೂಟುಗಳು ಡೇರೆಯ ಒಳಗೆ. ಮಾರ್ಮಟ್ ಎಂಬ ದೊಡ್ಡ ಅಳಿಲಿನಂಥ ಪ್ರಾಣಿಗೆ ಬೆವರಿನ ಉಪ್ಪೆಂದರೆ ಬಲು ಇಷ್ಟವಂತೆ. ಬೂಟು, ಚೀಲದ ಪಟ್ಟಿ, ಊರುಗೋಲಿನ ಹಿಡಿ, ಬೆವರು ಕುಡಿದದ್ದೆಲ್ಲ ಅದಕ್ಕೆ ಕುರುಕಲು ತಿಂಡಿ. ಕೆಳಗೆ ಕಣಿವೆಯ ಬಿಡಾರದಲ್ಲಿ ಉಳಿದ ನನಗೂ ಒಂದು ಉಕ್ಕಿನ ಕಪಾಟು ಇತ್ತು. ಕರಡಿಯ ಪಂಜ ತೂರದಂತೆ ಅದರ ಚಿಲಕ ಒಳಗೆ ಅಡಗಿರುತ್ತದೆ. ಸಂಜೆ ಟಾರ್ಚು ಹಿಡಿದು ಬಂದ ಕಾವಲಿನ ಹುಡುಗಿ ನನ್ನ ತಲೆಗೆ ಹಚ್ಚುವ ಕೊಬ್ಬರಿಎಣ್ಣೆಯ ಸೀಸೆಯನ್ನೂ ಅದರೊಳಗೆ ಇಡಿಸಿ ನಗುತ್ತಾ ಹೋದಳು.

ಇಷ್ಟೊಂದು ಕಟ್ಟುನಿಟ್ಟು ಸುಮ್ಮನೆ ಬಂದದ್ದಲ್ಲ. ಡಬ್ಬಿ ಬಂದ ಮೇಲೂ ಬಹಳ ಜನ ಭಾರವೆಂದು ಅದನ್ನು ಹೊರುತ್ತಿರಲಿಲ್ಲ. ಕಾರಿನಲ್ಲಿ ಊಟ ಬಿಟ್ಟು ಮಲಗುವವರಿಗಂತೂ ಲೆಕ್ಕವಿರಲಿಲ್ಲ. ಕರಡಿಗಳು ಕಾರಿನ ಬಾಗಿಲನ್ನು ಮೇಲಿನ ಅಂಚಿನಲ್ಲಿ ಹಿಡಿದು ಬಗ್ಗಿಸಿ ಎಳೆಯುವುದನ್ನು ಕಲಿತವು. 1998 ಒಂದೇ ವರ್ಷದಲ್ಲಿ ಯೊಸೆಮಿಟಿಯಲ್ಲಿ 1,584 ಇಂಥ ಘಟನೆಗಳು ನಡೆದವು. ಆರೂವರೆ ಲಕ್ಷ ಡಾಲರಿಗೂ ಹೆಚ್ಚು ನಷ್ಟವಾಯಿತು. 1999ರಿಂದ ಅಮೆರಿಕದ ಸಂಸತ್ತು ಈ ಕೆಲಸಕ್ಕೆಂದೇ ವರ್ಷಕ್ಕೆ 5 ಲಕ್ಷ ಡಾಲರು ಕೊಡತೊಡಗಿತು. ಉಕ್ಕಿನ ಕಪಾಟುಗಳು, ಬಾಡಿಗೆ ಡಬ್ಬಿಗಳು, ರಾತ್ರಿಯ ಕಾವಲು, 5,000 ಡಾಲರಿನವರೆಗೆ ದಂಡ. ಘಟನೆಗಳು ವರ್ಷಕ್ಕೆ ನೂರಕ್ಕೂ ಕೆಳಗೆ ಇಳಿದವು.

2014ರಲ್ಲಿ ವಿಜ್ಞಾನಿಗಳು ಈ ಇತಿಹಾಸವನ್ನೆಲ್ಲ ಕರಡಿಯ ರೋಮದಲ್ಲೇ ಓದಿ ತೋರಿಸಿದರು. ತಿಂದದ್ದರ ಗುರುತು ರೋಮದಲ್ಲಿ ಉಳಿಯುತ್ತದೆ. ಮ್ಯೂಸಿಯಮ್ಮುಗಳಲ್ಲಿದ್ದ ಹಳೆಯ ಚರ್ಮ, ಮೂಳೆಗಳಿಂದ ಹಿಡಿದು ಈಚಿನ ಕರಡಿಗಳ ರೋಮದವರೆಗೆ ಪರೀಕ್ಷಿಸಿದಾಗ, ಮನುಷ್ಯರ ಊಟದ ರುಚಿ ಹತ್ತಿದ ಕರಡಿಗಳ ಆಹಾರದಲ್ಲಿ ಅದರ ಪಾಲು 1915-19ರಲ್ಲಿ ನೂರಕ್ಕೆ 13. ಪ್ರದರ್ಶನ, ತಿಪ್ಪೆಗಳ ಕಾಲದಲ್ಲಿ 27. ತಿಪ್ಪೆ ಮುಚ್ಚಿದ ಮೇಲೆ, ಡೇರೆ ಸೀಳುತ್ತಿದ್ದ 1975-85ರಲ್ಲಿ 35. 1999ರ ನಂತರ ಮತ್ತೆ 13. ಒಂದು ಮುಚ್ಚಳ ಸರಿಯಾಗಿ ಹಾಕುವುದನ್ನು ಕಲಿಯಲು ಮನುಷ್ಯರಿಗೆ ಎಂಬತ್ತು ವರ್ಷ ಹಿಡಿಯಿತು!

ಕರಡಿಗಳು ಸೋತವು ಎಂದುಕೊಳ್ಳಬೇಡಿ. ದೇಶದ ಇನ್ನೊಂದು ಅಂಚಿನಲ್ಲಿ, ನ್ಯೂಯಾರ್ಕ್ ರಾಜ್ಯದ ಆಡಿರಾಂಡ್ಯಾಕ್ ಬೆಟ್ಟಗಳಲ್ಲಿ ಒಂದು ಹೆಣ್ಣು ಕರಡಿಯಿತ್ತು. ಎರಡೂ ಕಿವಿಗಳಿಗೆ ಹಳದಿ ಬಿಲ್ಲೆ ಹಾಕಿದ್ದರಿಂದ ಅದರ ಹೆಸರು 'ಯೆಲ್ಲೋ-ಯೆಲ್ಲೋ'. ಗಾತ್ರದಲ್ಲಿ ಚಿಕ್ಕದು, ಸ್ವಭಾವದಲ್ಲಿ ಅಂಜುಬುರುಕ. ಒತ್ತಿ ತಿರುಗಿಸಿ ತೆರೆಯುವ ಒಂದು ಬಗೆಯ ಡಬ್ಬಿಯ ಮುಚ್ಚಳವನ್ನು ಅದು ಹಲ್ಲಿನಿಂದ ಒತ್ತಿ ತಿರುಗಿಸಿ ತೆರೆಯಿತು. ತಯಾರಕರು ಮುಚ್ಚಳಕ್ಕೆ ಇನ್ನೊಂದು ಒತ್ತುಗುಂಡಿ ಸೇರಿಸಿದರು. ಅದನ್ನೂ ತೆರೆಯಿತು. 2012ರಲ್ಲಿ ಬೇಟೆಗಾರನೊಬ್ಬನ ಗುಂಡಿಗೆ ಸಿಕ್ಕು ಸತ್ತಾಗ ಅದರ ಸುದ್ದಿ ಪತ್ರಿಕೆಗಳಲ್ಲಿ ಬಂತು.

ನಮ್ಮ ಬೆಟ್ಟದ ದೇವಸ್ಥಾನಗಳಲ್ಲಿ ಕೋತಿಗಳು ಕೈಯಿಂದ ಹಣ್ಣುಕಾಯಿಯ ಚೀಲ ಕಸಿಯುವುದನ್ನು ನಾವೆಲ್ಲ ಬೈಯುತ್ತೇವೆ. ಮೊದಲ ಬಾಳೆಹಣ್ಣನ್ನು ಪುಣ್ಯವೆಂದು ಕೊಟ್ಟ ಕೈಯನ್ನು ಯಾರೂ ಬೈಯುವುದಿಲ್ಲ. ಕೊಟ್ಟವರು ಮನೆಗೆ ಹೋಗಿಬಿಡುತ್ತಾರೆ. ಕೋಲಿನ ಏಟು, ಬೋನು ಕೋತಿಗೆ. ಯೊಸೆಮಿಟಿಯ ಕರಡಿಗಳ ಕಥೆಯೂ ಇಷ್ಟೇ. ದೀಪದ ಬೆಳಕಿನಲ್ಲಿ ಕೂತು ನೋಡಿ ಸಂತೋಷಪಟ್ಟವರು ಒಬ್ಬರು, ಮುಂದೆ ಜೀವ ತೆತ್ತದ್ದು ಬೇರೊಂದು.

ಆ ಭಾಗದ ಉದ್ಯಾನಗಳಲ್ಲಿ ವರ್ಷಗಟ್ಟಲೆ ಕರಡಿಗಳ ಜೊತೆ ಕೆಲಸ ಮಾಡಿದ ವಿಜ್ಞಾನಿ ರೇಚೆಲ್ ಮಜೂರ್ ಅವರು 2008ರಲ್ಲಿ ಸಹೋದ್ಯೋಗಿಯೊಬ್ಬರೊಡನೆ ಪ್ರಕಟಿಸಿದ ಅಧ್ಯಯನದ ಸಾರ ತಾಯಂದಿರಿಗೆ ಬೇಗ ಅರ್ಥವಾಗುತ್ತದೆ. ಜನರ ಬಿಡಾರಕ್ಕೆ ನುಗ್ಗಿ ತಿನ್ನುವುದನ್ನು ಮರಿಗಳು ತಾಯಿಯಿಂದ ಕಲಿಯುತ್ತವೆ. ಕಾಡಿನಲ್ಲೇ ಮೇಯುವ ತಾಯಿಯ ಮರಿಗಳು ಕಾಡಿನಲ್ಲೇ ಮೇಯುವುದನ್ನು ಕಲಿಯುತ್ತವೆ. ಒಬ್ಬ ಹೆಂಗಸು ಚಟ್ನಿಪುಡಿಯ ಪೊಟ್ಟಣವನ್ನು ಒಳಗಿಟ್ಟು ಮುಚ್ಚಳ ಬಿಗಿದಳೆಂದರೆ ಅದು ಮಗಳ ಮೂರು ದಿನದ ಊಟಕ್ಕಷ್ಟೇ ಕಾವಲಲ್ಲ. ಕತ್ತಲಲ್ಲಿ ಎಲ್ಲೋ ಮರಿಗಳನ್ನು ಹಿಂದಿಟ್ಟುಕೊಂಡು ಅಲೆಯುವ ಇನ್ನೊಬ್ಬ ತಾಯಿ ಅವಕ್ಕೆ ಏನನ್ನು ಕಲಿಸುತ್ತಾಳೆ ಎಂಬುದೂ ಆ ಮುಚ್ಚಳದಲ್ಲೇ ಇದೆ.